ಹಿರಿಯರು ಎದುರಾದಾಗ: ಯುವಕರಿಗೂ ಅವರ ತಂದೆತಾಯಿಗಳಿಗೂ ಒಂದು ಪಾಠ



“ಈಗಿನ ಹುಡುಗರಿಗೆ ದೊಡ್ಡವರು ಚಿಕ್ಕವರು ಎಂಬುದಿಲ್ಲ” ಎಂಬ ಮಾತು ಅರಳಿಕಟ್ಟೆಯ ಮೇಲೆ ದಿನವೂ ಕೇಳಿಬರುತ್ತದೆ. ನಮ್ಮ ತಾತಂದಿರು ನಮ್ಮ ಅಪ್ಪಂದಿರನ್ನು ಕುರಿತು ಇದೇ ಮಾತನ್ನು ಆಡಿದ್ದರು. ಆದುದರಿಂದ ಆ ದೂರನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಬಸ್ಸಿನಲ್ಲಿ, ರಸ್ತೆಯಲ್ಲಿ, ನ್ಯಾಯಬೆಲೆ ಅಂಗಡಿಯ ಮುಂದೆ, ಸಭೆಯಲ್ಲಿ, ಹೀಗೆ ನಾಲ್ಕು ಜನ ಸೇರುವ ಕಡೆ ವಯಸ್ಸಾದವರಿಗೆ ನಿಜವಾಗಿ ಏನು ಬೇಕು, ಅದನ್ನು ಹುಡುಗರು ಯಾರಿಂದ ಕಲಿಯುತ್ತಾರೆ ಎಂಬುದನ್ನು ನೋಡೋಣ.

ಒಂದು ಸಂತೆಯ ದಿನ ನಾನು ಬಸ್ಸಿನಲ್ಲಿ ಬರುತ್ತಿದ್ದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಸಂತೆಯ ದಿನದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಒಳ್ಳೆಯದೇ, ಮನೆಯಲ್ಲೇ ಉಳಿದಿದ್ದ ಎಷ್ಟೋ ಅಜ್ಜಿಯರು ಮಗಳ ಊರು ನೋಡಿದರು. ಆ ದಿನ ಎಪ್ಪತ್ತು ದಾಟಿದ ಒಬ್ಬ ತಾತ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಂಬಿ ಹಿಡಿದು ನಿಂತಿದ್ದರು. ಹಿರಿಯ ನಾಗರಿಕರಿಗೆ ಎಂದು ಬರೆದಿದ್ದ ಸೀಟಿನಲ್ಲಿ ಕಾಲೇಜಿನ ಹುಡುಗನೊಬ್ಬ ಮೊಬೈಲು ನೋಡುತ್ತ ಕುಳಿತಿದ್ದ. ಒಬ್ಬ ರೈತರು ಹಿಂದಿನಿಂದ ಗದರಿದರು: “ಏಯ್, ಕಣ್ಣು ಕಾಣಲ್ವೇನೋ? ತಾತಂಗೆ ಜಾಗ ಬಿಡು.” ಹುಡುಗ ತಿರುಗಿ ನೋಡಿದ. ಗದರಿದವರು ಅವನ ಸ್ವಂತ ದೊಡ್ಡಪ್ಪ. ಅವರೂ ಕುಳಿತೇ ಇದ್ದರು! ಹುಡುಗ ಮುಖ ದಪ್ಪ ಮಾಡಿಕೊಂಡು ಎದ್ದ. ತಾತ ಕುಳಿತರು, ಆದರೆ ಯಾರ ಮುಖವನ್ನೂ ನೋಡಲಿಲ್ಲ. ತನ್ನಿಂದಾಗಿ ಬಸ್ಸಿನಲ್ಲಿ ಜಗಳವಾಯಿತಲ್ಲಾ ಎಂದು ಅವರಿಗೇ ನಾಚಿಕೆ.

ಅಲ್ಲಿ ಸೀಟೇನೋ ಸಿಕ್ಕಿತು. ಆದರೆ ಆ ಹುಡುಗ ಕಲಿತದ್ದೇನು? ಮರ್ಯಾದೆ ಎಂಬುದು ದೊಡ್ಡವರು ಚಿಕ್ಕವರಿಗೆ ಹೇಳಿ ಮಾಡಿಸುವ ಕೆಲಸ ಎಂಬುದನ್ನು. ದೊಡ್ಡಪ್ಪ ಬಾಯಿ ತೆರೆಯದೆ ತಾವೇ ಎದ್ದು, “ಬನ್ನಿ ಯಜಮಾನ್ರೆ, ಇಲ್ಲಿ ಕುಂತ್ಕೊಳ್ಳಿ” ಎಂದಿದ್ದರೆ ಹುಡುಗನಿಗೆ ಬೇರೊಂದು ಪಾಠ ಸಿಗುತ್ತಿತ್ತು. ನಲವತ್ತೈದು ವರ್ಷದ ಗಟ್ಟಿಮುಟ್ಟಾದ ರೈತನೂ ಎಪ್ಪತ್ತರ ತಾತನ ಮುಂದೆ ಹುಡುಗನೇ ಅಲ್ಲವೇ?

ಇನ್ನು ವಯಸ್ಸಾದವರ ಮೈಯ ವಿಷಯ. ಎತ್ತಿಗೆ ವಯಸ್ಸಾದರೆ ಅದನ್ನು ಇಳಿಜಾರಿನಲ್ಲಿ ಓಡಿಸಬಾರದು, ನೊಗ ಕಳಚುವಾಗ ಅವಸರ ಮಾಡಬಾರದು ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಮಗೆ ಇಷ್ಟು ತಿಳುವಳಿಕೆ ಇರುವುದಿಲ್ಲ. ಮುಪ್ಪಿನಲ್ಲಿ ಮೂಳೆಯ ಸತ್ವ ಕಡಿಮೆಯಾಗುತ್ತದೆ. ಬಸ್ಸು ಗಕ್ಕನೆ ನಿಂತಾಗ ಹುಡುಗನೊಬ್ಬ ಬಿದ್ದರೆ ಮಂಡಿ ತರಚೀತು. ಅಜ್ಜಿ ಬಿದ್ದರೆ ತೊಡೆಯ ಮೇಲ್ತುದಿಯ ಮೂಳೆಯೇ ಮುರಿಯಬಹುದು. ಹಾಗೆ ಮುರಿದು ಹಾಸಿಗೆ ಹಿಡಿದವರಲ್ಲಿ ಹಲವರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಸೀಟು ಬಿಡುವುದು ಬರಿಯ ಶಿಷ್ಟಾಚಾರವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕುಳಿತವರು ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ತಿರುಗುವುದೂ ಉಂಟು. “ಬೇಗ ಇಳೀರಿ, ಬೇಗ ಇಳೀರಿ” ಎಂದು ಹಿಂದಿನಿಂದ ಅವಸರ ಮಾಡಬಾರದು.

ಮೆಟ್ಟಿಲು ಹತ್ತಿಸುವಾಗ ಅವರ ರಟ್ಟೆ ಹಿಡಿದು ಎಳೆಯಬೇಡಿರಿ. ನಿಮ್ಮ ತೋಳನ್ನು ಚಾಚಿರಿ, ಅವರು ಹಿಡಿದುಕೊಳ್ಳಲಿ. ಹತ್ತುವಾಗ ನೀವು ಅವರ ಹಿಂದೆ ಇರಿ, ಇಳಿಯುವಾಗ ಅವರ ಮುಂದೆ. ಎರಡು ಸಲವೂ ನೀವು ಕೆಳಗಿನ ಮೆಟ್ಟಿಲಿನಲ್ಲಿದ್ದರೆ, ಕಾಲು ಜಾರಿದರೂ ತಡೆಯಲು ಒಬ್ಬರಿದ್ದಂತಾಯಿತು. ಕೆಲವರು “ನಾನಿನ್ನೂ ಗಟ್ಟಿ ಇದ್ದೀನಿ, ಬೇಡ ಕಣಪ್ಪ” ಎನ್ನುತ್ತಾರೆ. ಬಲವಂತ ಬೇಡ. “ನಾನು ಇಲ್ಲೇ ಮುಂದೆ ಇಳೀತೀನಿ ತಾತ” ಎಂದು ಎದ್ದು ನಿಂತರೆ ಅವರ ಅಭಿಮಾನಕ್ಕೂ ಕುಂದಿಲ್ಲ, ಕಾಲಿಗೂ ಸುಖ. ಇಂಥ ಚಿಕ್ಕ ಸುಳ್ಳಿಗೆ ದೋಷವಿಲ್ಲವೆಂದು ನನ್ನ ಅಭಿಪ್ರಾಯ.

ಕಿವಿಯ ವಿಷಯವನ್ನು ಹುಡುಗರು ಮುಖ್ಯವಾಗಿ ತಿಳಿಯಬೇಕು. ವಯಸ್ಸಾದಾಗ ಮೊದಲು ಕಳೆದುಹೋಗುವುದು ಕೀರಲು ಸ್ವರ. ಸ, ಶ, ತ, ಕ ಮೊದಲಾದ ಅಕ್ಷರಗಳು ಮಸುಕಾಗಿ, ದನಿ ಕೇಳಿದರೂ ಮಾತು ಬಿಡಿಸಿ ತಿಳಿಯುವುದಿಲ್ಲ. ಆಗ ನಾವು ಕಿರುಚುತ್ತೇವೆ. ಕಿರುಚಿದರೆ ಮಾತು ಇನ್ನೂ ಒಡೆಯುತ್ತದೆ, ನೋಡುವವರಿಗೆ ಬೈದಂತೆಯೂ ಕಾಣುತ್ತದೆ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಿರಿ. ಮೋಟಾರ್ ಸೈಕಲ್ ಓಡಿಸುವವರಿಗೂ ಇದೇ ಮಾತು. ಹಿಂದಿನಿಂದ ಬಂದು ಗಟ್ಟಿಯಾಗಿ ಹಾರನ್ ಬಾರಿಸಿದರೆ ಬೆಚ್ಚಿದ ಅಜ್ಜ ಯಾವ ಕಡೆಗೆ ಹಾರಿಯಾನು ಎಂದು ಹೇಳಲಾಗದು. ವೇಗ ಇಳಿಸಿ, ದೂರ ಬಿಟ್ಟು ಹೋಗಿರಿ. ಕಣ್ಣಿನ ಪೊರೆ ಇರುವವರಿಗೆ ರಾತ್ರಿ ದೀಪದ ಬೆಳಕು ಕಣ್ಣಿಗೆ ರಾಚಿ ದಾರಿಯೇ ಕಾಣದಾಗುತ್ತದೆ. ಎದುರಿಗೆ ಹಿರಿಯರು ಬರುತ್ತಿದ್ದರೆ ದೀಪವನ್ನು ತಗ್ಗಿಸಿರಿ.

ಈಗ ನಾಲಿಗೆಯ ಮಾತು. ಇದು ಸ್ವಲ್ಪ ಕಹಿ, ಆದರೂ ಬರೆಯಬೇಕು.

ಹಿಂದಿನ ಕಾಲದಲ್ಲಿ ಮರ್ಯಾದೆ ಬಹಳವಿತ್ತು ಎನ್ನುತ್ತಾರೆ. ಹಿರಿಯರು ಎದುರಾದರೆ ಎತ್ತಿಕಟ್ಟಿದ ಪಂಚೆಯನ್ನು ಇಳಿಸುತ್ತಿದ್ದರು, ಸೈಕಲ್ಲಿನಿಂದ ಇಳಿಯುತ್ತಿದ್ದರು, ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದರು. ಹೌದು. ಆದರೆ ಯಾವ ಹಿರಿಯರಿಗೆ? ಅರವತ್ತು ವರ್ಷದ ಹೊಲಗೆಲಸದ ಮುದುಕನನ್ನು ಹತ್ತು ವರ್ಷದ ಹುಡುಗ “ಏನೋ, ಬಾರೋ” ಎಂದು ಕರೆಯುತ್ತಿದ್ದುದನ್ನು, ಆ ಮುದುಕ ಆ ಹುಡುಗನನ್ನೇ “ಬುದ್ಧಿ” ಎನ್ನುತ್ತಿದ್ದುದನ್ನು ನಮ್ಮಲ್ಲಿ ಕಂಡವರಿದ್ದಾರೆ. ಕೇರಿಯಿಂದ ಬಂದವರು ದೊಡ್ಡ ಮನೆಗಳ ಮುಂದೆ ಕೆರ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕಾಗಿತ್ತು. ಅದರಲ್ಲಿ ವಯಸ್ಸಿಗೆ ಸಂದ ಗೌರವ ಎಲ್ಲಿತ್ತು? 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ನಾಲಿಗೆಯ ಮೇಲಿನಿಂದ ಮಾತ್ರ ಅದು ಎಲ್ಲ ಊರುಗಳಲ್ಲೂ ಪೂರ್ತಿ ಇಳಿದಿಲ್ಲ. ಮಗನಿಗೆ ಮರ್ಯಾದೆ ಕಲಿಸಬೇಕೆಂದಿರುವ ತಂದೆ ಮೊದಲು ತನ್ನ ಹೊಲಕ್ಕೆ ಕೂಲಿಗೆ ಬರುವ ಹಿರಿಯರನ್ನು ತಾನು ಹೇಗೆ ಕರೆಯುತ್ತಾನೆಂದು ನೋಡಿಕೊಳ್ಳಲಿ. “ಬನ್ನಿ”, “ಕುಳಿತುಕೊಳ್ಳಿ” ಎಂಬ ಬಹುವಚನಕ್ಕೆ ಕೂಲಿಯ ಜೊತೆ ಒಂದು ಕಾಸೂ ಹೆಚ್ಚು ಖರ್ಚಿಲ್ಲ. ತನ್ನ ಅಪ್ಪನ ಬಾಯಲ್ಲಿ ಇದನ್ನು ಕೇಳುತ್ತ ಬೆಳೆದ ಹುಡುಗ ಬಸ್ಸಿನಲ್ಲಿ ಯಾವ ತಾತನನ್ನೂ ನಿಲ್ಲಿಸುವುದಿಲ್ಲ.

ನ್ಯಾಯಬೆಲೆ ಅಂಗಡಿಯ ಮುಂದೆ ಇನ್ನೊಂದು ನೋಟ. ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಬೇಕು. ಐವತ್ತು ವರ್ಷ ಕಳೆ ಕಿತ್ತು, ಗುದ್ದಲಿ ಹಿಡಿದು, ಪಾತ್ರೆ ಬೆಳಗಿದ ಕೈಯ ಬೆರಳಲ್ಲಿ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪುವುದಿಲ್ಲ. ಅಜ್ಜಿ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಹಿಂದಿನ ಸಾಲಿನಲ್ಲಿ ಹುಡುಗರು ನಗುತ್ತಾರೆ, “ಬೇಗ ಆಗ್ಲಜ್ಜಿ” ಎನ್ನುತ್ತಾರೆ. ಆ ಗೆರೆ ಸವೆದದ್ದು ನಮ್ಮ ಹೊಲಗಳಲ್ಲೇ ಎಂಬುದನ್ನು ಹುಡುಗರಿಗೆ ಯಾರಾದರೂ ಹೇಳಬೇಕು. ಕೈ ತೊಳೆಯಲು ಒಂದು ಚೊಂಬು ನೀರು, ಬೇರೆ ಬೆರಳುಗಳನ್ನೂ ಒತ್ತಿ ನೋಡುವಷ್ಟು ತಾಳ್ಮೆ, ಆ ತನಕ ಕುಳಿತುಕೊಳ್ಳಲು ನೆರಳಿನಲ್ಲಿ ಒಂದು ಜಾಗ, ಇಷ್ಟನ್ನು ಯುವಕರು ಒದಗಿಸಬಲ್ಲರು. ಯಂತ್ರ ಕೊನೆಗೂ ಒಪ್ಪದಿದ್ದರೆ ಬರಿಗೈಯಲ್ಲಿ ಕಳುಹಿಸಕೂಡದು. ಓದಿದ ಹುಡುಗನೊಬ್ಬ ಜೊತೆಗೆ ನಿಂತು, ಬೇರೆ ದಾರಿ ಏನೆಂದು ಅಂಗಡಿಯವರನ್ನೂ, ಬೇಕಾದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯವರನ್ನೂ ಕೇಳಿ ತಿಳಿಯಲಿ.

ಹಿರಿಯರಿಗೂ ಒಂದು ಮಾತು. ಹುಡುಗ ಸೀಟು ಬಿಟ್ಟಾಗ “ಒಳ್ಳೇದಾಗ್ಲಿ ಮಗ” ಎಂದು ಬಾಯಿ ತುಂಬ ಹೇಳಿರಿ. ಬಿಡಬೇಕಾದ್ದೇ ಬಿಟ್ಟ ಎಂಬಂತೆ ಮುಖ ತಿರುಗಿಸಬೇಡಿರಿ. ದಿನವೆಲ್ಲ ದುಡಿದು ದಣಿದ ಹುಡುಗನೂ ಇರುತ್ತಾನೆ, ಜ್ವರ ಬಂದ ಹುಡುಗಿಯೂ ಇರುತ್ತಾಳೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10 ಕೋಟಿ 40 ಲಕ್ಷ. ಅವರಲ್ಲಿ ಹತ್ತಕ್ಕೆ ಏಳು ಜನ ಹಳ್ಳಿಗಳಲ್ಲೇ ಇದ್ದರು. ದುಡಿಯುವ ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಇವರು ಔಷಧಿಗೂ ಪಿಂಚಣಿಗೂ ಒಬ್ಬರೇ ಬಸ್ಸು ಹತ್ತುತ್ತಾರೆ. ಆದುದರಿಂದ ಅವರಿಗೆ ದಾರಿಯಲ್ಲಿ ಸಿಗುವ ಹುಡುಗನೇ ಆ ಹೊತ್ತಿಗೆ ಮೊಮ್ಮಗ.

ಯುವಕ ಸಂಘದವರು ಈ ತಿಂಗಳು ಒಂದು ಕೆಲಸ ಹಿಡಿಯಬಹುದು. ಬಸ್ಸು ನಿಲ್ಲುವ ಕಡೆ ನೆರಳಿರುವಲ್ಲಿ ಕೂರುವ ಕಟ್ಟೆ ಕಟ್ಟಿರಿ. ರಸ್ತೆಯ ಅಂಚಿನಲ್ಲಿ ಕಟ್ಟುವುದಕ್ಕೆ ಮೊದಲು ಪಂಚಾಯಿತಿಯ ಒಪ್ಪಿಗೆ ಇರಲಿ. ನಮ್ಮ ಕಡೆ ಕಟ್ಟೆಗಳು ತೀರ ತಗ್ಗು. ಕುಳಿತ ಅಜ್ಜಿ ಏಳಲಾರಳು. ನೆಲದಿಂದ ಒಂದೂವರೆ ಅಡಿ ಎತ್ತರವಿರಲಿ. ಎರಡು ತುದಿಗಳಲ್ಲೂ ಕೈಯೂರಿ ಏಳಲು ಕಬ್ಬಿಣದ ಪೈಪಿನ ಹಿಡಿಯಿರಲಿ. ಮೊದಲು ಇಟ್ಟಿಗೆಗಳನ್ನು ಹಾಗೆಯೇ ಜೋಡಿಸಿ, ಊರಿನ ಇಬ್ಬರು ಮೂವರು ಹಿರಿಯರನ್ನು ಕರೆದು ಕೂರಿಸಿ ಏಳಿಸಿ ನೋಡಿರಿ. ಅವರು ಸರಿ ಎಂದ ಮೇಲೆ ಗಾರೆ ಹಾಕಿರಿ.