ಕೊಳವೆಗೊಂದು ಸಿಂಬಿ

ಗದಗ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರಾ ನದಿಯು ಹರಿಯುತ್ತದೆ. ಆದರೆ ಗದಗ-ಬೆಟಗೇರಿ ಅವಳಿ ನಗರವಿರುವುದು ಹೊಳೆಯಿಂದ ದೂರದ ಎತ್ತರದ ನೆಲದಲ್ಲಿ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ನದಿಯು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದ್ದರೆ, ಗದಗ ಸುಮಾರು 650 ಮೀಟರ್ ಎತ್ತರದಲ್ಲಿದೆ. ನೀರು ತಾನಾಗಿ ಮೇಲಕ್ಕೆ ಹರಿಯದು. ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ತಡೆದು ನಿಲ್ಲಿಸಿದ ನೀರನ್ನು ಹೊಲಗಳಿಗೆ ಏರಿಸುವುದೂ, ಹೊಳೆಯ ನೀರನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಕುಡಿಯಲು ಸಾಗಿಸುವುದೂ ಪಂಪುಗಳ ಕೆಲಸ.

ಇಂತಹ ಪಂಪುಮನೆಯನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ದೊಡ್ಡ ಮೋಟಾರುಗಳು. ಪಂಪಿಗೆ ಸೇರಿದ ಉಕ್ಕಿನ ಕೊಳವೆ ಸ್ವಲ್ಪ ದೂರದಲ್ಲಿಯೇ ತಿರುಗುತ್ತದೆ. ತಿರುವಿನ ತುಂಡು ಮಡಿಸಿದ ಮೊಣಕೈಯಂತೆ ಇರುವುದರಿಂದ ಅದಕ್ಕೆ ಎಲ್ಬೋ ಎಂಬ ಹೆಸರು. ನೀರು ತುಂಬಿದ ಕೊಳವೆಯ ಭಾರ ಪಂಪಿನ ಬಾಯಿಯ ಮೇಲೆ ಬೀಳಬಾರದು. ಬಿದ್ದರೆ ತಿರುಗುವ ಭಾಗಗಳು ಓರೆಯಾಗಿ ಬೇರಿಂಗುಗಳು ಬೇಗನೆ ಸವೆಯುತ್ತವೆ. ಆದುದರಿಂದ ಎಲ್ಬೋವಿನ ಕೆಳಗೆ ಕೊಳವೆಯ ತುಂಡೊಂದನ್ನು ಕಾಲಿನಂತೆ ಬೆಸೆದು ಆಧಾರ ಕೊಡುವ ರೂಢಿಯಿದೆ.

ಆದರೆ ಎಚ್ಚರ ತಪ್ಪಿದರೆ ಆ ಆಧಾರವೇ ಅಪಾಯಕ್ಕೆ ಕಾರಣವಾಗುತ್ತದೆ. ಬಾಗಿದ ಕೊಳವೆ ನೇರ ಕೊಳವೆಗಿಂತ ಸುಲಭವಾಗಿ ಮಣಿಯುತ್ತದೆ. ಹಂಗೇರಿಯಲ್ಲಿ ಜನಿಸಿದ ವಿಜ್ಞಾನಿ ಥಿಯೊಡೋರ್ ಫಾನ್ ಕಾರ್ಮಾನ್ 1911ರಲ್ಲಿ ಇದರ ಕಾರಣವನ್ನು ಗಣಿತದ ಮೂಲಕ ವಿವರಿಸಿದರು. ಬಾಗನ್ನು ಇನ್ನಷ್ಟು ಬಗ್ಗಿಸಿದಾಗ ಅದರ ದುಂಡನೆಯ ಒಡಲು ತುಸು ಚಪ್ಪಟೆಯಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೀಗೆ ಮಣಿಯಬೇಕಾದ ಗೋಡೆಯನ್ನು ಬೆಸೆದ ಕಾಲು ಒಂದೆಡೆ ಬಿಗಿಹಿಡಿಯುವುದರಿಂದ ಬಲವೆಲ್ಲ ಬೆಸುಗೆಯ ಅಂಚಿನಲ್ಲಿ ಕೂಡಿಕೊಳ್ಳುತ್ತದೆ. ನೀರನ್ನು 100 ಮೀಟರ್ ಏರಿಸುವ ಪಂಪಿನ ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 10 ಕಿಲೋಗ್ರಾಂ ಭಾರದ ಒತ್ತಡವಿರುತ್ತದೆ. ಇದರೊಡನೆ ಯಂತ್ರದ ನಡುಕವೂ ಸೇರುತ್ತದೆ. ನಿಮಿಷಕ್ಕೆ 1450 ಸುತ್ತು ತಿರುಗುವ ಪಂಪು ಒಂದು ಹಗಲು ರಾತ್ರಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ತುಂಡಾಗುವುದಷ್ಟೆ. ಹಾಗೆಯೇ ಉಕ್ಕೂ ದಣಿಯುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂತಹ ಬಿರುಕು ಮೂಡುತ್ತದೆ.

ಇದಕ್ಕೆ ಪರಿಹಾರವೇನು? ತಲೆಯ ಮೇಲೆ ಕೊಡ ಹೊರುವ ಹೆಂಗಸು ಕೊಡದ ಕೆಳಗೆ ಬಟ್ಟೆಯ ಸಿಂಬಿಯನ್ನು ಇಟ್ಟುಕೊಳ್ಳುತ್ತಾಳೆ. ಸಿಂಬಿಯಿಂದ ಕೊಡದ ಭಾರ ಕಡಿಮೆಯಾಗುವುದಿಲ್ಲ; ಅದು ಹಂಚಿಹೋಗುತ್ತದೆ. ಕಾಲಿಗೂ ಎಲ್ಬೋವಿಗೂ ನಡುವೆ ಬೆಸೆಯುವ ಪ್ಯಾಡ್ ಎಂಬ ಉಕ್ಕಿನ ತಗಡು ಮಾಡುವ ಕೆಲಸವೂ ಇದೇ. ಅದನ್ನು ಕೊಳವೆಯ ಜಾತಿಯ ಉಕ್ಕಿನಿಂದಲೇ ಮಾಡಿ, ಬಾಗಿಗೆ ಅಂಟಿ ಕೂರುವಂತೆ ಬಗ್ಗಿಸುತ್ತಾರೆ. ಚೂಪಾದ ಮೂಲೆಗಳಲ್ಲಿ ಬಲವು ಕೂಡಿಕೊಳ್ಳುವುದರಿಂದ ಮೂಲೆಗಳನ್ನು ದುಂಡಗೆ ಮಾಡುತ್ತಾರೆ. ಬಳಿಕ ಸುತ್ತಲೂ ಬೆಸೆಯುತ್ತಾರೆ. ಪ್ಯಾಡಿನಲ್ಲಿ ಒಂದು ಸಣ್ಣ ತೂತನ್ನೂ ಬಿಡುತ್ತಾರೆ. ಬೆಸೆಯುವಾಗ ಕಾದು ಹಿಗ್ಗುವ ಗಾಳಿ ಅದರಿಂದ ಹೊರಬೀಳುತ್ತದೆ. ಮುಂದೆಂದಾದರೂ ಪ್ಯಾಡಿನ ಅಡಿಯಲ್ಲಿ ಕೊಳವೆ ಬಿರಿದರೆ ಮೊದಲ ಹನಿ ಕಾಣಿಸಿಕೊಳ್ಳುವುದೂ ಅಲ್ಲಿಯೇ. ಅರಿಯದವರು ಅದನ್ನು ದೋಷವೆಂದು ಬೆಸೆದು ಮುಚ್ಚಿದರೆ ಎಚ್ಚರಿಕೆಯ ಬಾಯನ್ನೇ ಮುಚ್ಚಿದಂತಾಗುತ್ತದೆ.

ಹಾಗೆಂದು ಉಕ್ಕನ್ನು ಹೇರಿದಷ್ಟೂ ಬಲವೆಂದು ತಿಳಿಯಬಾರದು. ಬಿಸಿಲಿಗೆ ಕೊಳವೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಬಾಗು ಮಣಿದು ಈ ಬದಲಾವಣೆಯನ್ನು ತಾಳಿಕೊಳ್ಳುತ್ತದೆ. ಅದನ್ನು ಅತಿಯಾಗಿ ಬಿಗಿಗೊಳಿಸಿದರೆ ತಳ್ಳಾಟವೆಲ್ಲ ಪಂಪಿನ ಮೇಲೆ ಬೀಳುತ್ತದೆ. ಕೊಳವೆಯನ್ನು ಪಂಪಿಗೆ ಜೋಡಿಸುವಾಗ ನುರಿತ ಫಿಟ್ಟರನು ಬೋಲ್ಟುಗಳನ್ನು ಸಡಿಲಿಸಿ ನೋಡುತ್ತಾನೆ. ಎರಡು ಬಾಯಿಗಳೂ ಎದುರುಬದುರಾಗಿಯೇ ನಿಂತರೆ ಕೊಳವೆಯ ಭಾರವನ್ನು ಕಾಲು ಹೊತ್ತಿದೆಯೆಂದು ಅರ್ಥ.

ನಲ್ಲಿಗೆ ನೀರು ಬರುವ ದಿನಕ್ಕಾಗಿ ಕೊಡಗಳನ್ನು ಸಾಲಾಗಿಟ್ಟು ಕಾಯುವುದು ಈ ನಾಡಿನವರಿಗೆ ಹೊಸದಲ್ಲ. ಎಲ್ಬೋವಿನಲ್ಲಿ ಬಿರುಕು ಬಿಟ್ಟರೆ ಪಂಪನ್ನು ನಿಲ್ಲಿಸಿ, ನೀರನ್ನು ಬಸಿದು, ಮತ್ತೆ ಬೆಸೆಯಬೇಕಾಗುತ್ತದೆ. ಅಷ್ಟು ಹೊತ್ತು ಓಣಿಯ ಕೊಡಗಳು ಬರಿದಾಗಿಯೇ ಇರುತ್ತವೆ. ಪಂಪುಮನೆಯ ಕೆಲಸಗಾರನು ದಿನವೂ ಬೆಸುಗೆಯ ಅಂಚಿಗೆ ದೀಪ ಹಿಡಿದು ನೋಡುತ್ತಾನೆ. ಆ ಸಣ್ಣ ತೂತು ಒಣಗಿದೆಯೇ ಎಂದು ಬೆರಳಿಟ್ಟು ಪರೀಕ್ಷಿಸುತ್ತಾನೆ. ಊರಿನವರು ಅವನನ್ನು ಕಂಡಿರಲಾರರು. ಅವರ ಮನೆಗಳಲ್ಲಿ ಕೊಡ ತುಂಬುವುದರಲ್ಲಿ ಅವನ ಪಾಲೂ ಇದೆ.