ಆಸ್ತಿಯ ಲೆಕ್ಕದಿಂದ ಆರಂಭ: ಗಡಿಸೀಮೆಯ ತರಗತಿಯಲ್ಲಿ ಆಸ್ಟಿನ್

ಒಂದು ವರ್ಗದ ಜನರ ನಡೆನುಡಿ, ಆತಿಥ್ಯ, ಮದುವೆಯ ಮಾತುಕತೆಗಳನ್ನು ಸೂಕ್ಷ್ಮವಾಗಿ ಚಿತ್ರಿಸುತ್ತ ಆ ಸಮಾಜದ ಮೌಲ್ಯಗಳನ್ನು ಒರೆಗೆ ಹಚ್ಚುವ ಬರಹವೇ ಶಿಷ್ಟಾಚಾರದ ಕಾದಂಬರಿ. ಈ ಪ್ರಕಾರದ ಮೇರುಕೃತಿಯಾದ ಜೇನ್ ಆಸ್ಟಿನ್‌ರ ‘ಪ್ರೈಡ್ ಅಂಡ್ ಪ್ರೆಜುಡೀಸ್’ 1813ರಲ್ಲಿ ಪ್ರಕಟವಾಯಿತು. ಸಾಹಿತಿ ದೇಜಗೌ ಅದನ್ನು ‘ಹಮ್ಮು ಬಿಮ್ಮು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಇಲ್ಲವೆ ಲಂಬಾಣಿ ಆಡುವ ಗಡಿಸೀಮೆಯ ಬಸವಕಲ್ಯಾಣ, ಹುಮನಾಬಾದಿನ ಪದವಿ ವಿದ್ಯಾರ್ಥಿಗಳಿಗೆ ಇದನ್ನು ಬೋಧಿಸುವ ಅನುಭವದಿಂದ ದೊರೆಯುವ ಮೊದಲ ಪಾಠವೆಂದರೆ, ಕೃತಿಯನ್ನು ನೃತ್ಯಕೂಟಗಳಿಂದಲ್ಲ, ಆಸ್ತಿಯ ಲೆಕ್ಕದಿಂದ ಆರಂಭಿಸಬೇಕು ಎಂಬುದು.

ಬೆನೆಟ್ ಕುಟುಂಬಕ್ಕೆ ವರ್ಷಕ್ಕೆ 2,000 ಪೌಂಡ್ ಆದಾಯವಿದ್ದರೂ, ಜಮೀನು ಗಂಡು ವಾರಸುದಾರನಿಗೇ ಸಲ್ಲಬೇಕೆಂಬ ಕರಾರಿನಿಂದಾಗಿ, ತಂದೆ ತೀರಿಕೊಂಡರೆ ಅದು ಐವರು ಹೆಣ್ಣುಮಕ್ಕಳನ್ನು ಬಿಟ್ಟು ದೂರದ ಸಂಬಂಧಿ ಕಾಲಿನ್ಸ್‌ನ ಪಾಲಾಗುತ್ತದೆ. ಇದನ್ನು ವಂಶವೃಕ್ಷ ಬರೆದು ವಿವರಿಸಿದ ಮೇಲೆ, ಹೊಲದ ಪಾಲು, ಕನ್ಯೆ ನೋಡುವ ಶಾಸ್ತ್ರ, ಹುಂಡಾ ಎಂದರೆ ವರದಕ್ಷಿಣೆಯ ಚೌಕಾಶಿಗಳನ್ನು ಬಲ್ಲ ವಿದ್ಯಾರ್ಥಿಗಳಿಗೆ ಶ್ರೀಮತಿ ಬೆನೆಟ್‌ರ ಆತಂಕ ಬರೀ ನಗೆಯ ವಸ್ತುವಾಗಿ ಉಳಿಯುವುದಿಲ್ಲ. ಬೆನೆಟ್‌ರ ಎರಡನೆಯ ಮಗಳು, ಕಥಾನಾಯಕಿ ಎಲಿಜಬೆತ್‌ಳ ಗೆಳತಿಯಾದ 27 ವರ್ಷದ ಶಾರ್ಲೆಟ್ ಪ್ರೀತಿಯಿಲ್ಲದೆಯೂ ಕಾಲಿನ್ಸ್‌ನನ್ನು ಒಪ್ಪಿದ್ದೇಕೆ ಎಂಬುದೂ, ಸಾಲಗಾರ ವಿಕಮ್‌ನನ್ನು ಬೆನೆಟ್‌ರ ಕಿರಿಮಗಳು ಲಿಡಿಯಾಳೊಡನೆ ಮದುವೆಗೆ ಒಪ್ಪಿಸಲು ಎಲಿಜಬೆತ್‌ಳನ್ನು ಪ್ರೀತಿಸುವ ಸಿರಿವಂತ ಡಾರ್ಸಿ ಹಣ ತೆರಬೇಕಾಗಿ ಬಂದದ್ದೇಕೆ ಎಂಬುದೂ ಅವರಿಗೆ ಬೇಗ ತಿಳಿಯುತ್ತವೆ.

ಆದರೆ ಹೋಲಿಕೆಗೆ ಮಿತಿಯಿದೆ, ಆ ಮಿತಿಯನ್ನು ಕಾಣಿಸುವುದೇ ಎರಡನೆಯ ಪಾಠ. ಬೆನೆಟ್ ಹೆಣ್ಣುಮಕ್ಕಳಿಗೆ ಆ ಜಮೀನಿನಲ್ಲಿ ಹಕ್ಕೇ ಇರಲಿಲ್ಲ. ಇಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ, ಆದರೂ ತವರಿನ ನಂಟು ಉಳಿಯಲೆಂದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕುವ ಅಕ್ಕತಂಗಿಯರಿದ್ದಾರೆ. ಕಾನೂನು ತಡೆದದ್ದಕ್ಕೂ ರೂಢಿ ತಡೆಯುವುದಕ್ಕೂ ಇರುವ ಈ ಅಂತರವನ್ನು ಚರ್ಚಿಸಿದಾಗ ತರಗತಿಯು ಕಾದಂಬರಿಯನ್ನೂ ತನ್ನ ಊರನ್ನೂ ಒಟ್ಟಿಗೆ ವಿಮರ್ಶಿಸಲು ಕಲಿಯುತ್ತದೆ.

ಹೆಚ್ಚು ಸಮಯ ಬೇಡುವುದು ಕೃತಿಯ ದನಿ. ಪಾತ್ರದ ಮನದ ಮಾತನ್ನು ನಿರೂಪಕಿಯದೇ ಮಾತೆಂಬಂತೆ ಹೇಳುವ, ಮುಕ್ತ ಪರೋಕ್ಷ ನಿರೂಪಣೆ ಎನ್ನಲಾಗುವ ಕ್ರಮವು ಗೈಡುಗಳ ಸಾರಾಂಶದಲ್ಲಿ ಕಳೆದುಹೋಗುವುದರಿಂದ, ಪುಟಗಳನ್ನು ಗಟ್ಟಿಯಾಗಿ ಓದಿಸಿ, ಪ್ರತಿ ವಾಕ್ಯಕ್ಕೂ ಇದು ಯಾರ ಅಭಿಪ್ರಾಯವೆಂದು ಕೇಳುವುದು ಅಗತ್ಯ. ಎಲಿಜಬೆತ್ ಡಾರ್ಸಿಯ ಪತ್ರವನ್ನು ಮತ್ತೆ ಮತ್ತೆ ಓದಿ ತನ್ನ ತೀರ್ಮಾನವನ್ನು ತಿದ್ದಿಕೊಳ್ಳುವ ಭಾಗ ಇದಕ್ಕೆ ಅತ್ಯುತ್ತಮ ಪಠ್ಯ. ಶಾಲೆಯಿಂದಲೇ ವಚನಗಳನ್ನು ಓದಿಕೊಂಡು ಬಂದ, ನುಡಿಯನ್ನು ನಡೆಯೊಂದಿಗೆ ಹೋಲಿಸಿ ನೋಡಬೇಕೆಂದು ಬಲ್ಲ ಕಲ್ಯಾಣದ ಮಕ್ಕಳಿಗೆ ವಿಕಮ್‌ನ ಸವಿಮಾತನ್ನೂ ಡಾರ್ಸಿಯ ಬಿಗುಮಾನವನ್ನೂ ತೂಗಿ ನೋಡುವ ಶಕ್ತಿ ಖಂಡಿತ ಇದೆ. ಇಂಗ್ಲಿಷಿನ ಅಂಜಿಕೆಯನ್ನು ನೀಗಿಸಿ ಆ ಶಕ್ತಿಗೆ ಅವಕಾಶ ಕೊಡುವುದು ಬೋಧಕರ ಹೊಣೆ.