ಒಂದು ಗಂಟೆಯ ಉಪವಾಸ



ಧರ್ಮೋಪದೇಶದ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಫಾದರ್, ಪೂಜೆಗೆ ಬರುವಾಗ ದಾರಿಯಲ್ಲಿ ಬಿಸ್ಕತ್ತು ತಿಂದೆ. ಪರಮಪ್ರಸಾದ ತಗೋಬಹುದಾ?" ಸುತ್ತಲಿದ್ದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ದೊಡ್ಡವರು ಯಾರೂ ನನ್ನಲ್ಲಿ ಈ ಪ್ರಶ್ನೆ ಕೇಳಿ ಬಹಳ ವರ್ಷಗಳಾದವು.

ನಮ್ಮ ಅಜ್ಜಿಯ ಕಾಲದಲ್ಲಿ ನಡುರಾತ್ರಿಯಿಂದ ತೊಟ್ಟು ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ನೀರಿಗೆ ಅನುಮತಿ ಕೊಟ್ಟರು. 1957ರಲ್ಲಿ ಊಟದ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೆಯ ಪೌಲರು ಅದನ್ನು ಒಂದು ಗಂಟೆ ಮಾಡಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯೂ ಅದನ್ನೇ ಹೇಳುತ್ತದೆ: ನೀರು, ಔಷಧಿ ಬಿಟ್ಟು ಬೇರೇನೂ ಬೇಡ. ಅದೂ ಪೂಜೆಗೆ ಒಂದು ಗಂಟೆ ಮುಂಚೆ ಅಲ್ಲ, ಪ್ರಸಾದ ಸ್ವೀಕರಿಸುವುದಕ್ಕೆ ಒಂದು ಗಂಟೆ ಮುಂಚೆ. ನಿಯಮ ಹಗುರವಾಯಿತು, ಹಗುರವಾದದ್ದು ಮರೆತೇ ಹೋಯಿತು.

ಹಸಿವಿಗೂ ಪ್ರಭುವಿನ ಭೋಜನಕ್ಕೂ ಏನು ಸಂಬಂಧ? ಕೊರಿಂಥದ ಸಭೆಯನ್ನು ನೋಡಿ. ಅಲ್ಲಿ ಸೇರಿದಾಗ ಕೆಲವರು ತಾವು ತಂದದ್ದನ್ನು ಮೊದಲೇ ತಿಂದು, ಕುಡಿದು ಅಮಲೇರುತ್ತಿದ್ದರು. ಇಲ್ಲದವರು ಹಸಿದೇ ಕೂರುತ್ತಿದ್ದರು. ದುಡಿದು ತಡವಾಗಿ ಬರುತ್ತಿದ್ದ ದಾಸರು, ಕೂಲಿಯವರೇ ಆ ಹಸಿದವರಿರಬೇಕೆಂದು ಅನೇಕ ಪಂಡಿತರ ಅಭಿಪ್ರಾಯ. ಸಂತ ಪೌಲರು ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಇದನ್ನು ಖಂಡಿಸುತ್ತಾರೆ. ಆದರೆ ಬಾಗಿಲಿಗೆ ಕಾವಲು ಹಾಕಿರೆಂದು ಹೇಳಲಿಲ್ಲ. ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ, ಒಬ್ಬರಿಗೊಬ್ಬರು ಕಾಯಲಿ ಎಂದರು. ಪಕ್ಕದವನ ಹಸಿವು ಕಾಣದ ಹೊಟ್ಟೆಗೆ ಕ್ರಿಸ್ತನ ಶರೀರದ ಬೆಲೆ ಹೇಗೆ ತಿಳಿದೀತು?

ಇಂದೂ ಕಾವಲಿನವರಿಲ್ಲ. ಪ್ರಸಾದ ಕೊಡುವ ನನಗೆ ನಿಮ್ಮ ಹೊಟ್ಟೆಯ ಸಮಾಚಾರ ತಿಳಿಯದು, ನನ್ನದು ನಿಮಗೆ ತಿಳಿಯದು. ಒಮ್ಮೆ ವಾರದ ನಡುವೆ, ಸಂಜೆ ಪೂಜೆಗೆ ಸ್ವಲ್ಪ ಮುಂಚೆ, ಮನೆ ಆಶೀರ್ವಾದಕ್ಕೆ ಹೋಗಿ ಎರಡು ವಡೆ ತಿಂದೆ. ಪೀಠದ ಬಳಿ ಬಂದಾಗ ನೆನಪಾಯಿತು. ಗಡಿಯಾರ ನೋಡುತ್ತಾ ಪ್ರಬೋಧನೆಯನ್ನು ಎಳೆದೆ, ಎಳೆದೆ. ಭಕ್ತಾದಿಗಳು ಗೊಣಗಿದರು. ಗಂಟೆ ಲೆಕ್ಕಕ್ಕೆ ಸರಿಹೋಯಿತು. ನನ್ನ ಬಾಯಿ ಕಟ್ಟದ್ದಕ್ಕೆ ದಂಡ ತೆತ್ತವರು ಮಾತ್ರ ಅವರು. ಆ ವಾರದ ಪಾಪನಿವೇದನೆಯಲ್ಲಿ ಅದನ್ನೂ ಹೇಳಿದೆ.

ಇನ್ನೊಂದು ಮಾತು. ವಯಸ್ಸಾದವರಿಗೆ, ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಸಕ್ಕರೆ ಕಾಯಿಲೆಯ ಹಿರಿಯರು ತಿಂಡಿ ತಿಂದೇ ಪೂಜೆಗೆ ಬನ್ನಿ. ಆ ಹುಡುಗಿಗೆ, "ಬಿಸ್ಕತ್ತು ತಿಂದಾಗ ಗಂಟೆ ಎಷ್ಟಾಗಿತ್ತು, ನೀನೇ ಲೆಕ್ಕ ಹಾಕಮ್ಮ" ಎಂದೆ. ಬೆರಳು ಮಡಿಸಿ ಎಣಿಸತೊಡಗಿದಳು.